ಕೂಪಿನ ರಸ್ತೆಯಲ್ಲಿ ಹಿಂದಕ್ಕೆ

ದೊಡ್ಡಪ್ಪನಿಗೆ ಕನ್ನಡಕ ಮರೆತದ್ದು ನೆನಪಾದದ್ದು ಕೂಳೂರು ಸೇತುವೆಯ ಮೇಲೆ. ಮಣ್ಣಗುಡ್ಡದ ನಮ್ಮ ಮನೆಯಲ್ಲಿ, ಪಂಚಾಂಗದ ಮೇಲೆ ಅದು ಕಾಲು ಮಡಚಿ ಕುಳಿತಿತ್ತು. ಹಿಂದೆ ಹೋಗಿ ತರಲು ಹತ್ತು ನಿಮಿಷ ಸಾಕಿತ್ತು. ಡ್ರೈವರ್ ಲಿಗೋರಿ ಕಾರು ನಿಧಾನ ಮಾಡಿ, ತಿರುಗಿಸಲಾ ಭಟ್ಟರೇ ಎಂದು ಕೇಳಿದರು. ದೊಡ್ಡಪ್ಪ ಕೈಯೆತ್ತಿ ತಡೆದರು. ಶುಭಕಾರ್ಯಕ್ಕೆ ಹೊರಟ ಮೇಲೆ ಚಕ್ರ ಒಂದು ಸುತ್ತು ಕೂಡ ಹಿಂದೆ ಬರಕೂಡದು ಎಂಬುದು ಅವರ ಕಾನೂನು.

ಅವರದೊಬ್ಬರದೇ ಅಲ್ಲ, ಇಡೀ ಮಣ್ಣಗುಡ್ಡದ ಕಾನೂನು ಅದು. ಬೊಂಬಾಯಿಗೆ ಬಸ್ಸು ಹತ್ತುವವರು, ಹೊಸ ಅಂಗಡಿ ತೆರೆಯುವವರು, ಹುಡುಗಿ ನೋಡಲು ಹೋಗುವವರು ಎಲ್ಲರೂ ನಮ್ಮ ಜಗಲಿಗೆ ಬಂದು ದೊಡ್ಡಪ್ಪ ವಿಷ್ಣುಮೂರ್ತಿ ಭಟ್ಟರ ಬಾಯಿಯಿಂದ ಹೊರಡುವ ಹೊತ್ತು ಕೇಳಿಕೊಂಡು ಹೋಗುತ್ತಿದ್ದರು. ಹೊರಟವರು ಏನೋ ಮರೆತು ಮರಳಿದರೆ ಪ್ರಯಾಣ ಹಿಂದೆ ಬಿತ್ತು ಎಂದು ಲೆಕ್ಕ. ಅಂಥ ಪ್ರಯಾಣದಿಂದ ಆಗಬೇಕಾದದ್ದು ಆಗುವುದಿಲ್ಲ, ಆಗಲೂ ಬಾರದು.

ಈ ಕಾನೂನಿನ ಪೆಟ್ಟು ನನಗೆ ಚೆನ್ನಾಗಿಯೇ ಗೊತ್ತು. ಆರು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ನನ್ನನ್ನು ನೋಡಲು ಉಡುಪಿಯಿಂದ ಒಬ್ಬ ಲೆಕ್ಚರರ್ ಬಂದಿದ್ದ. ಟೆಲಿಫೋನ್ ಎಕ್ಸ್‌ಚೇಂಜಿನ ರಾತ್ರಿ ಪಾಳಿಯಲ್ಲಿ ಕಾಲ್ ಇಲ್ಲದಾಗ ಏನು ಮಾಡುತ್ತೀರಿ ಎಂದು ಕೇಳಿದ. ಕಾದಂಬರಿ ಓದುತ್ತೇನೆ, ಸೂಪರ್‌ವೈಸರ್ ಬಂದರೆ ಅದರ ಮೇಲೆ ಕುಳಿತುಕೊಳ್ಳುತ್ತೇನೆ ಎಂದೆ. ಅವನು ಬಾಯಿ ತುಂಬ ನಕ್ಕ. ಅಷ್ಟೇ. ನನಗೆ ಅಷ್ಟು ಸಾಕಿತ್ತು. ಎರಡನೆಯ ಸಲ, ಮಾತು ಗಟ್ಟಿ ಮಾಡಲು ಅವರ ಮನೆಯವರು ಬರುವಾಗ, ಸುರತ್ಕಲ್ಲಿನ ನೆಂಟರ ಮನೆಯಲ್ಲಿ ವೀಳ್ಯದ ಹರಿವಾಣ ಬಿಟ್ಟುಬಂದದ್ದು ಕೂಳೂರಿನಲ್ಲಿ ನೆನಪಾಗಿ ಕಾರು ತಿರುಗಿಸಿದರು. ಪಾಪ, ತಡವಾದದ್ದು ಯಾಕೆಂದು ಅವರೇ ಬಾಯಿಬಿಟ್ಟು ಹೇಳಿದರು. ದೊಡ್ಡಪ್ಪ ಅವರಿಗೆ ಉಪ್ಪಿಟ್ಟು, ಕಾಫಿ ಕೊಟ್ಟು, ಬಾಗಿಲ ತನಕ ಹೋಗಿ ಬೀಳ್ಕೊಟ್ಟು, ಒಳಗೆ ಬಂದು ಜಾತಕವನ್ನು ಮಡಚಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ದಿನದಿಂದ ಕೂಳೂರು ಸೇತುವೆ ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ಎಂಬತ್ತರ ನವೆಂಬರ್. ನನಗೆ ಮೂವತ್ತೊಂದು. ಅದೇ ಸೇತುವೆಯ ಮೇಲಿಂದ ನನ್ನನ್ನೇ ಹರಿವಾಣದ ಜೊತೆ ಸಾಗಿಸುತ್ತಿದ್ದರು.

ವರ ಘಟ್ಟದ ಮೇಲೆ ಕಾಫಿ, ಏಲಕ್ಕಿ ತೋಟ ಇದ್ದವರು. ಹೆಂಡತಿ ತೀರಿಕೊಂಡು ಎರಡು ವರ್ಷ. ಅವರ ತಾಯಿ ಹಾಸಿಗೆ ಹಿಡಿದಿದ್ದರಿಂದ, ಹುಡುಗಿಯನ್ನು ಕಣ್ಣಾರೆ ನೋಡದೆ ತಾಂಬೂಲ ಬದಲಾಯಿಸುವುದಿಲ್ಲ ಎಂದು ಮುದುಕಿ ಹಟ ಹಿಡಿದಿದ್ದರಿಂದ, ಎಲ್ಲೂ ಇಲ್ಲದ ಹಾಗೆ ನಾವೇ ಮೇಲೆ ಹೋಗಿ ನಿಶ್ಚಯ ಮಾಡಿಕೊಂಡು ಬರುವುದೆಂದು ಆಗಿತ್ತು. ವರ ಒಮ್ಮೆ ನಮ್ಮಲ್ಲಿಗೆ ಬಂದಿದ್ದರು. ತಲೆ ಬಗ್ಗಿಸಿ ಊಟ ಮಾಡಿ, ತಲೆ ಬಗ್ಗಿಸಿಯೇ ಹೋದರು. ಒಳ್ಳೆಯವರೇ ಇರಬೇಕು. ಕೆಟ್ಟವರಾಗಿದ್ದರೆ ನನಗೆ ಬೇಡ ಎನ್ನಲು ಒಂದು ಕಾರಣವಾದರೂ ಸಿಗುತ್ತಿತ್ತು.

ಬೇಡ ಎನ್ನಲು ನಾನು ನೋಡಲೇ ಇಲ್ಲ ಎಂದಲ್ಲ. ದೊಡ್ಡಮ್ಮ ನೀರಜಾಕ್ಷಿಗೆ ಅಡಿಗೆಮನೆಯಲ್ಲಿ ಹೇಳಿದೆ. ಎಲ್ಲ ಹೆಣ್ಣುಮಕ್ಕಳೂ ಮೊದಲು ಹಾಗೇ ಹೇಳುವುದು ಎಂದು ಅವರು ಒಗ್ಗರಣೆ ಹಾಕಿದರು. ದೊಡ್ಡಪ್ಪನ ಎದುರು ನಿಂತು ಬಾಯಿ ತೆರೆದೆ. ನಿನ್ನ ಅಪ್ಪ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದ ಎಂದು ಅವರು ಕಣ್ಣು ಒರೆಸಿಕೊಂಡರು. ನನಗೆ ಒಂಬತ್ತಾಗಿದ್ದಾಗ ಅಪ್ಪ ಹೋದ. ಅಲ್ಲಿಂದ ನನಗೆ ಅನ್ನ ಹಾಕಿ, ಎಸ್ಸೆಸ್ಸೆಲ್ಸಿ ಮಾಡಿಸಿ, ಟೆಲಿಫೋನ್ ಎಕ್ಸ್‌ಚೇಂಜಿನ ಪರೀಕ್ಷೆಗೆ ಕೈಹಿಡಿದು ಕರೆದುಕೊಂಡು ಹೋದದ್ದು ಇದೇ ಮನುಷ್ಯ. ಬೈಯುವವರ ಎದುರು ಬೇಡ ಎನ್ನಬಹುದು. ಕಣ್ಣು ಒರೆಸಿಕೊಳ್ಳುವವರ ಎದುರು ಹೇಗೆ ಎನ್ನುವುದು?

ತಮಾಷೆ ಏನೆಂದರೆ ನನ್ನ ಕೆಲಸವೇ ಮಾತಿನದು. ಹನ್ನೊಂದು ವರ್ಷದಿಂದ ಟ್ರಂಕ್ ಬೋರ್ಡಿನ ಎದುರು ಕುಳಿತು, ಮಂಗಳೂರಿನವರನ್ನು ಬೊಂಬಾಯಿಗೂ ಮದ್ರಾಸಿಗೂ ಜೋಡಿಸಿ, ‘ಮಾತಾಡಿ’ ಎನ್ನುತ್ತಿದ್ದೆ. ದಿನಕ್ಕೆ ನೂರು ಸಲ ಊರವರಿಗೆಲ್ಲ ಮಾತಾಡಿ ಎಂದವಳಿಗೆ ಮನೆಯಲ್ಲಿ ಒಂದು ಶಬ್ದ ಹೊರಡುವುದಿಲ್ಲ. ಮದುವೆಯಾದರೆ ಆ ಕೆಲಸ ಬಿಡಬೇಕು. ತೋಟದ ಮನೆಯಲ್ಲಿ ಕರೆಂಟಿಲ್ಲ, ಫೋನಿಲ್ಲ. ಫೋನಿರುವ ಪೋಸ್ಟಾಫೀಸು ಆರು ಮೈಲು ದೂರ. ಅಲ್ಲಿ ಹೋಗಿ ನಾನು ಯಾರಿಗೆ ಮಾತಾಡಿ ಎನ್ನಲಿ?

ಕಾರು ಲಿಗೋರಿಯವರದೇ, ಹಳೆಯ ಅಂಬಾಸಿಡರ್ ಟ್ಯಾಕ್ಸಿ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಪೊರ್ಬು ಎನ್ನುತ್ತಾರೆ. ದೊಡ್ಡಪ್ಪನೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅವರ ಮಗಳು ಹೆಲನ್ ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಬೋರ್ಡಿನವಳು. ದೊಡ್ಡಪ್ಪನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಹಿಂದಿನ ವರ್ಷ ಭಾನುವಾರ ಭಾನುವಾರ ಸುರತ್ಕಲ್ಲಿನ ಖಾಲಿ ಮೈದಾನದಲ್ಲಿ ಲಿಗೋರಿ ತಮ್ಮ ಮಗಳ ಜೊತೆ ನನಗೂ ಇದೇ ಕಾರು ಕಲಿಸಿದ್ದರು. ಅವರ ಕ್ರಮ ತಲೆಕೆಳಗು. ಮೊದಲ ಒಂದು ತಿಂಗಳು ಬರೀ ರಿವರ್ಸ್. ಮುಂದೆ ಹೋಗಲಿಕ್ಕೆ ಎಮ್ಮೆಗೂ ಬರುತ್ತದೆ, ಹಿಂದೆ ಹೋಗಲಿಕ್ಕೆ ಬಂದರೆ ಡ್ರೈವರ್ ಎಂದು ಅವರ ವಾದ. ಕುತ್ತಿಗೆ ತಿರುಗಿಸಿ ತಿರುಗಿಸಿ ನಾನೂ ಹೆಲನ್ನೂ ವಾರವಿಡೀ ಬೋರ್ಡಿನ ಎದುರು ನೋವಿನಿಂದ ನರಳುತ್ತಿದ್ದೆವು. ಆದರೂ ಲೈಸೆನ್ಸು ಸಿಕ್ಕಿತು. ಅದು ಎಕ್ಸ್‌ಚೇಂಜಿನ ನನ್ನ ಲಾಕರಿನಲ್ಲಿ ಟಿಫಿನ್ ಡಬ್ಬಿಯ ಹಿಂದೆ ಇತ್ತು.

ಸುರತ್ಕಲ್ಲಿನಲ್ಲಿ ವಿಠಲ ಮಾವ ಹತ್ತಿಕೊಂಡರು. ದೊಡ್ಡಮ್ಮನ ತಮ್ಮ, ಒಂದು ಆಫೀಸಿನಲ್ಲಿ ಹೆಡ್‌ಕ್ಲರ್ಕ್, ಈ ಸಂಬಂಧ ತಂದವರು. ದೊಡ್ಡ ಆಳು, ಮುಂದಿನ ಸೀಟಿನಲ್ಲಿ ಅವರು ಕುಳಿತರೆ ಲಿಗೋರಿ ಬಾಗಿಲಿಗೆ ಅಂಟಿಕೊಂಡರು. ಹಿಂದೆ ದೊಡ್ಡಪ್ಪ ಎಡಕ್ಕೆ, ದೊಡ್ಡಮ್ಮ ಬಲಕ್ಕೆ, ನಡುವೆ ನಾನು. ನನ್ನ ತೊಡೆಯ ಮೇಲೆ ಹರಿವಾಣ: ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಸೀರೆ. ಕಾಲು ಇಡುವ ಜಾಗದಲ್ಲಿ ಅದನ್ನು ಇಡುವ ಹಾಗಿಲ್ಲ. ಬೆಳಿಗ್ಗೆ ಆರೂಕಾಲಿನಿಂದ ಅದನ್ನು ಹಿಡಿದುಕೊಂಡು, ಎರಡೂ ಕಡೆಯ ಮೊಣಕೈಗಳ ನಡುವೆ ನಾನು ಅಲ್ಲಾಡದೆ ಕುಳಿತಿದ್ದೆ. ಮೂಗು ತುರಿಸಿದರೂ ಕೈ ಬಿಡುವ ಹಾಗಿರಲಿಲ್ಲ.

ಕಾರ್ಕಳ ದಾಟಿ ಘಟ್ಟ ಶುರುವಾದದ್ದೇ ಎಲ್ಲರ ಬಾಯಿ ತೆರೆಯಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಪ್ರತಿ ತಿರುವಿನಲ್ಲೂ ಬಂಡೆಯ ಮೇಲಿಂದ ಸಣ್ಣ ನೀರು ಇಳಿಯುತ್ತಿತ್ತು. ಮಂಜು ಕಣಿವೆಯಿಂದ ಎದ್ದು ಮರಗಳ ಸೊಂಟದ ತನಕ ಬಂದು ನಿಂತಿತ್ತು. ಚಂದ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಲನ್ ಜೊತೆ ಪಿಕ್ನಿಕ್ಕಿಗೆ ಬಂದಿದ್ದರೆ ಕುಣಿಯುತ್ತಿದ್ದೆ. ಆದರೆ ವಿಠಲ ಮಾವ ಪ್ರತಿ ನೀರನ್ನೂ ನನಗೇ ತೋರಿಸಿ, ಪೇಟೆಯವರು ಇದನ್ನು ನೋಡಲು ದುಡ್ಡು ಖರ್ಚು ಮಾಡಿ ಬರುತ್ತಾರೆ, ನಿನಗೆ ಇದು ದಿನಾ ಬಿಟ್ಟಿ ಎನ್ನುತ್ತಿದ್ದರು. ದೊಡ್ಡಮ್ಮ ನನ್ನ ಮಂಡಿ ತಟ್ಟಿ ಪುಣ್ಯ ಮಾಡಿದ್ದಿ ಎಂದರು. ದೊಡ್ಡಪ್ಪ ಕಿಟಕಿಯ ಆಚೆ ನೋಡಿ ನೋಡಿ, ಏನು ಚಂದ, ಏನು ಚಂದ ಎಂದು ತಲೆ ಆಡಿಸುತ್ತಿದ್ದರು. ಕನ್ನಡಕ ಇಲ್ಲದೆ ಅವರಿಗೆ ಹತ್ತು ಅಡಿ ಆಚೆ ಬೆಳ್ಳಗಿನದು ಮಂಜೋ ಮತ್ತೊಂದೋ ತಿಳಿಯುವುದಿಲ್ಲ ಎಂದು ನನಗೊಬ್ಬಳಿಗೇ ನೆನಪಿತ್ತು.

ಹತ್ತೂವರೆಗೆ ಟಾರು ರಸ್ತೆ ಬಿಟ್ಟೆವು. ಅಲ್ಲಿಂದ ತೋಟದ ತನಕ ಕೂಪಿನ ರಸ್ತೆ, ಎಂದರೆ ಕಾಡಿನ ಮರ ಕಡಿದು ಸಾಗಿಸುವ ಲಾರಿಗಳು ಮಾಡಿಕೊಂಡ ದಾರಿ. ಬಲಕ್ಕೆ ಕೆಂಪು ಮಣ್ಣಿನ ಗೋಡೆ, ಎಡಕ್ಕೆ ಕಣಿವೆ, ನಡುವೆ ಒಂದು ಲಾರಿಗೆ ಸರಿಯಾಗುವಷ್ಟು ಅಗಲ. ಚಕ್ರ ಇಳಿದ ಕಡೆ ಮೊಣಕಾಲುದ್ದದ ಕೊರಕಲು. ಕಾರು ಹತ್ತುವುದಕ್ಕಿಂತ ಹೆಚ್ಚು ಹಾರುತ್ತಿತ್ತು. ಪ್ರತಿ ಹಾರಿಕೆಗೂ ತೆಂಗಿನಕಾಯಿ ನನ್ನ ಹೊಟ್ಟೆಗೆ ಗುದ್ದುತ್ತಿತ್ತು. ಹನ್ನೆರಡೂ ಐದಕ್ಕೆ ಮುಹೂರ್ತ ಎಂದು ದೊಡ್ಡಪ್ಪ ಗಡಿಯಾರವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಒಂದೂವರೆ ಗಂಟೆ ಉಳಿದಿದೆ ಎಂದು ನಾನೂ ಲೆಕ್ಕ ಹಾಕಿದೆ. ಅಷ್ಟರೊಳಗೆ ಹೇಳದಿದ್ದರೆ ಮತ್ತೆ ಹೇಳುವುದಕ್ಕೆ ಅರ್ಥವಿಲ್ಲ.

ಆಗ ಮೇಲಿನ ತಿರುವಿನಿಂದ ಲಾರಿ ಬಂತು. ಮರದ ದಿಮ್ಮಿಗಳನ್ನು ತಲೆಯ ಮೇಲೂ ಹೇರಿಕೊಂಡಿತ್ತು. ಲಿಗೋರಿ ಕಾರನ್ನು ಬಲಕ್ಕೆ, ಮಣ್ಣಿನ ಗೋಡೆಗೆ ತಾಗಿಸಿ ನಿಲ್ಲಿಸಿದರು. ಲಾರಿ ಕಿರುಚಿಕೊಂಡು ನಮ್ಮ ಬಾನೆಟ್ಟಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಪಕ್ಕದಿಂದ ಅದು ದಾಟುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಎಡಗಡೆ ರಸ್ತೆಯ ಅಂಚು ಮಳೆಗೆ ಕುಸಿದು, ಹಿಂದಿನ ಬಾಗಿಲು ತೆರೆದರೆ ನೇರ ಕಣಿವೆ. ಬಲಗಡೆಯ ಹಿಂದಿನ ಬಾಗಿಲು ಗೋಡೆಗೆ ಒತ್ತಿಕೊಂಡು ತೆರೆಯಲೇ ಆಗದು. ನಾವು ಐದು ಜನ ಡಬ್ಬಿಯೊಳಗೆ ಸಿಕ್ಕಿಬಿದ್ದ ಹಾಗಾಯಿತು.

ಲಾರಿಯಿಂದ ಇಬ್ಬರು ಆಳುಗಳು ಹಾರಿ ಅದರ ಚಕ್ರಕ್ಕೆ ಕಲ್ಲು ಕೊಟ್ಟರು. ಲಾರಿಯ ಡ್ರೈವರ್, ಅಣ್ಣು ಎಂದು ಅವನ ಹೆಸರು, ಕಿಟಕಿಯಿಂದ ತಲೆ ಹಾಕಿ, ಕೆಳಗೆ ನೀರು ಬೀಳುವ ಕಡೆ ಅಗಲ ಜಾಗ ಉಂಟು, ಅಲ್ಲಿ ತನಕ ಹಿಂದೆ ಹೋಗಿ ಎಂದ. ಲಿಗೋರಿ ಗೇರಿಗೆ ಕೈ ಹಾಕಿದರು. ದೊಡ್ಡಪ್ಪ ಹಿಂದಿನಿಂದ ಅವರ ಭುಜ ಹಿಡಿದರು.

“ಪೊರ್ಬುಗಳೇ, ಕಾರು ಹಿಂದೆ ಹೋಗುವ ಹಾಗಿಲ್ಲ.”

ಲಿಗೋರಿ ಎರಡು ಸಲ ವಿವರಿಸಿದರು. ಹೇರು ತುಂಬಿದ ಲಾರಿ ಏರಿನಲ್ಲಿ ಹಿಂದೆ ಹೋಗಲಾರದು, ಹತ್ತುವವರೇ ದಾರಿ ಬಿಡಬೇಕು. ದೊಡ್ಡಪ್ಪ ಒಪ್ಪಲಿಲ್ಲ. ಅವರು ಗದರಲಿಲ್ಲ, ದನಿ ಏರಿಸಲಿಲ್ಲ. ಮೆತ್ತಗೆ, ಮಂತ್ರ ಹೇಳಿಕೊಡುವ ಹಾಗೆ, ಇದು ಈ ಹುಡುಗಿಯ ಬದುಕಿನ ಪ್ರಶ್ನೆ, ಚಕ್ರ ಹಿಂದೆ ಬಿದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು ಎಂದರು. ದಿಮ್ಮಿ ಇಳಿಸಿ ಲಾರಿಯೇ ಹಿಂದೆ ಹೋಗಲಿ, ಕಾಯೋಣ ಎಂದರು.

ಚಕ್ರ ಹಿಂದೆ ಬಿದ್ದರೆ ಸಂಬಂಧ ಮುಗಿಯಿತು. ಆ ಮಾತು ಕೇಳಿ ನನ್ನ ಎದೆ ಒಮ್ಮೆ ಹಾರಿ ಬಿತ್ತು. ನಾನು ಬಾಯಿ ತೆರೆಯಬೇಕಾಗಿಯೇ ಇಲ್ಲ! ಆರು ವರ್ಷದ ಹಿಂದೆ ನನ್ನ ಕೈಯಿಂದ ಕಿತ್ತುಕೊಂಡ ಕಾನೂನು ಇವತ್ತು ನನ್ನ ಕಡೆ ನಿಂತಿತ್ತು. ಹಿಂದೆ ಹೋಗಲಿ, ದೇವರೇ, ಒಂದು ಮಾರು ಹಿಂದೆ ಹೋಗಲಿ ಎಂದು ಹರಿವಾಣವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಣ್ಣುವನ್ನು ಒಪ್ಪಿಸಲು ಲಿಗೋರಿಯೇ ಇಳಿಯಬೇಕಾಯಿತು. ಅವರ ಬಾಗಿಲು ಗೇಣಗಲ ತೆರೆಯಿತು. ಸಪೂರ ಮನುಷ್ಯ, ನುಸುಳಿ ಬಾನೆಟ್ಟಿನ ಮೇಲೆ ಹತ್ತಿ ಆಚೆ ಹಾರಿದರು. ಹಾರಿದ್ದು ಕೊರಕಲಿನ ಕಲ್ಲಿನ ಮೇಲೆ. ಎಡಗಾಲು ಹೊರಳಿತು. ಅವರು ಕೂಗಲಿಲ್ಲ, ಆದರೆ ಕುಳಿತಲ್ಲಿಂದ ಏಳಲಿಲ್ಲ. ಆಳುಗಳು ಅವರನ್ನು ಎತ್ತಿ ನಿಲ್ಲಿಸಿದಾಗ ಪಾದದ ಗಂಟು ಆಗಲೇ ಮಾವಿನಕಾಯಿಯಷ್ಟು ದಪ್ಪವಾಗಿತ್ತು. ಆ ಕಾಲಿನಲ್ಲಿ ಕ್ಲಚ್ ಒತ್ತುವುದು ಮುಗಿದ ಮಾತು.

ಹಾಗಾದರೆ ಲಾರಿಯವನೇ ಬಂದು ನಮ್ಮ ಕಾರನ್ನು ತೆಗೆಯಲಿ ಎಂದರು ವಿಠಲ ಮಾವ. ಅಣ್ಣು ನಗುವ ಹಾಗೆ ಮುಖ ಮಾಡಿದ. ನಗು ಬರಲಿಲ್ಲ.

“ನಾನು ಇಳಿಯುವ ಹಾಗಿಲ್ಲ ಸ್ವಾಮೀ. ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಉಂಟು. ಕಾಲಿನಲ್ಲಿ ಒತ್ತಿ ಹಿಡಿದಿದ್ದೇನೆ. ಕಲ್ಲು ಮಣ್ಣಿನೊಳಗೆ ಹೋಗ್ತಾ ಉಂಟು, ನೋಡಿ.”

ನಾವು ನೋಡಿದೆವು. ಚಕ್ರದ ಕೆಳಗಿನ ಕಲ್ಲು ಒದ್ದೆ ಮಣ್ಣಿನೊಳಗೆ ಅರ್ಧ ಇಳಿದಿತ್ತು. ಅದರ ಮೇಲೆ ಅಷ್ಟು ದಿಮ್ಮಿ, ಅದರ ಕೆಳಗೆ ನಾವು. ದೊಡ್ಡಮ್ಮ ವಿಷ್ಣುಸಹಸ್ರನಾಮ ಶುರು ಮಾಡಿದರು. ವಿಠಲ ಮಾವ ತಮ್ಮ ಬಾಗಿಲು ತೆರೆದು, ಪಾದ ಇಡುವಷ್ಟು ಮಣ್ಣನ್ನೂ ಅದರಾಚೆಯ ಕಣಿವೆಯನ್ನೂ ನೋಡಿ ಮತ್ತೆ ಮುಚ್ಚಿಕೊಂಡರು. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ಎದುರು ನೋಡುತ್ತಿದ್ದರು. ಕಲ್ಲು ಅವರಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಅದು ಇನ್ನೊಂದು ಬೆರಳು ಇಳಿಯಿತು.

ನಾನು ಹರಿವಾಣವನ್ನು ದೊಡ್ಡಮ್ಮನ ತೊಡೆಗೆ ದಾಟಿಸಿ, ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ, ಮುಂದಿನ ಸೀಟನ್ನು ಹತ್ತಿ ಸ್ಟೇರಿಂಗಿನ ಎದುರು ಇಳಿದೆ. ನನ್ನ ಮಂಡಿ ವಿಠಲ ಮಾವನ ಕಿವಿಗೆ ತಾಗಿತು. ದೊಡ್ಡಪ್ಪ ನನ್ನ ಹೆಸರು ಹಿಡಿದು ಕರೆದರು. ಬಾನೆಟ್ಟಿನ ಆಚೆಯಿಂದ ಲಿಗೋರಿ ನನ್ನನ್ನು ನೋಡಿ ತಲೆ ಆಡಿಸಿದರು. ಆಳುಗಳು ಅವರನ್ನು ಎತ್ತಿ ಕಾರಿನ ಟಾಪಿನ ಮೇಲಿಂದ ಹಿಂದಕ್ಕೆ ದಾಟಿಸಿದರು. ಅಲ್ಲಿ ಲಿಗೋರಿ ಆಳುಗಳ ಭುಜಕ್ಕೆ ಜೋತು, ಕುಂಟುತ್ತಾ, ತಲೆಗೆ ಸುತ್ತಿದ್ದ ಬೈರಾಸವನ್ನು ಬಿಚ್ಚಿ ಎತ್ತಿ ಹಿಡಿದರು.

“ಇದು ಮೈದಾನ ಅಂತ ಎಣಿಸು, ಬಾಯೆ. ನನ್ನ ಬೈರಾಸ ಮಾತ್ರ ನೋಡು. ಕಣಿವೆ ನೋಡ್ಬೇಡ.”

ಇಂಜಿನ್ ಚಾಲೂ ಮಾಡಿ ಗೇರನ್ನು ರಿವರ್ಸಿಗೆ ಹಾಕಿದೆ. ಕುತ್ತಿಗೆ ತಿರುಗಿಸಿದರೆ ಮೊದಲು ಕಂಡದ್ದು ದೊಡ್ಡಪ್ಪನ ಮುಖ, ಅದರ ಆಚೆ ಹಿಂದಿನ ಗಾಜು, ಗಾಜಿನ ಆಚೆ ಬೈರಾಸ. ಅವರು ಪಕ್ಕಕ್ಕೆ ವಾಲಿ ನನಗೆ ಗಾಜು ಬಿಟ್ಟುಕೊಟ್ಟರು. ಚಕ್ರ ಹಿಂದೆ ಉರುಳಿತು.

ಎರಡು ಫರ್ಲಾಂಗು ಇದ್ದಿರಬೇಕು. ಎಷ್ಟು ಹೊತ್ತು ಎಂದು ತಿಳಿಯದು. ಒಂದು ಕಡೆ ಎಡಗಡೆಯ ಹಿಂದಿನ ಚಕ್ರದ ಕೆಳಗಿನಿಂದ ಮಣ್ಣು ಜಾರಿ, ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ಬಿದ್ದ ಸದ್ದು ಬಂತು. ದೊಡ್ಡಮ್ಮ ಸಹಸ್ರನಾಮವನ್ನು ಅರ್ಧದಲ್ಲಿ ನಿಲ್ಲಿಸಿದರು. ಲಿಗೋರಿ ಬೈರಾಸವನ್ನು ಬಲಕ್ಕೆ ಬೀಸಿದರು. ನಾನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಜಗ್ಗಿ ತಿರುಗಿಸಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೊನೆಗೆ ನೀರು ಬೀಳುವ ಸದ್ದು ಕೇಳಿತು, ಅಗಲ ಜಾಗ ಸಿಕ್ಕಿತು, ಕಾರು ಒಳಗೆ ಸರಿಯಿತು. ಲಾರಿ ಗೊಣಗುತ್ತಾ ಇಳಿದು ಬಂತು. ಅಣ್ಣು ನನ್ನನ್ನೂ ನನ್ನ ರೇಷ್ಮೆ ಸೀರೆಯನ್ನೂ ನೋಡಿ, ಅಕ್ಕ ಯಾವ ಗಾಡಿ ಓಡಿಸುವುದು ಎಂದು ಕೇಳಿದ. ಟೆಲಿಫೋನು ಎಂದೆ. ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಕೈ ಮುಗಿದು ಹೋದ.

ಎಲ್ಲರೂ ಇಳಿದೆವು. ನಾನು ಬಂಡೆಯ ಕೆಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ತಣ್ಣಗಿತ್ತು. ಆಗ ಮೊದಲ ಸಲ ಆ ಕಾಡು ನನಗೆ ನಿಜವಾಗಿ ಚಂದ ಕಂಡಿತು. ಮುಗಿಯಿತು, ಇನ್ನು ಮನೆಗೆ, ನಾಳಿದ್ದು ಡ್ಯೂಟಿಗೆ ಎಂದುಕೊಂಡೆ. ನಗು ಬರುತ್ತಿತ್ತು.

ತಿರುಗಿ ಬಂದರೆ ದೊಡ್ಡಪ್ಪ ಅಂಗೈಯಲ್ಲಿ ನೀರು ಹಿಡಿದು ಕಾರಿನ ನಾಲ್ಕೂ ಚಕ್ರಕ್ಕೆ ಪ್ರೋಕ್ಷಣೆ ಮಾಡುತ್ತಿದ್ದರು. ಮುಖದಲ್ಲಿ ಗೆಲುವು ಇತ್ತು. ಹನ್ನೆರಡೂ ಐವತ್ತಕ್ಕೆ ಇನ್ನೊಂದು ಒಳ್ಳೆಯ ಹೊತ್ತು ಇದೆಯಂತೆ.

“ಇದು ಹಿಂದೆ ಹೋದ ಲೆಕ್ಕ ಅಲ್ಲ ಮನೋರಮಾ. ಇದು ದಾರಿ ಬಿಟ್ಟುಕೊಟ್ಟದ್ದು. ಅದಕ್ಕೆ ದೋಷ ಇಲ್ಲ. ಹೇಗೂ ನಿನಗೆ ಕಾರು ಬಿಡ್ಲಿಕ್ಕೆ ಬರ್ತದೆ, ಮೆಲ್ಲ ಹೋಗುವ.”

ನಾನು ಅಲ್ಲೇ ನಿಂತೆ. ಮುಖದಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ. ಆರು ವರ್ಷದ ಹಿಂದೆ ಒಂದು ಹರಿವಾಣಕ್ಕಾಗಿ ತಿರುಗಿದ ಕಾರಿಗೆ ಎರಡು ಹನಿ ನೀರು ಸಿಕ್ಕಿರಲಿಲ್ಲ. ಅವರಿಗೆ ಬೇಡವಾದಾಗ ಕಾನೂನು ಕಲ್ಲು, ಬೇಕಾದಾಗ ಬೆಣ್ಣೆ. ಸಿಟ್ಟು ಬಂತು. ಅದರ ಜೊತೆಗೆ ಇನ್ನೊಂದು ತಿಳಿವಳಿಕೆಯೂ ಬಂತು, ಅದು ಇನ್ನೂ ಕಹಿ: ಆಗಲೂ ಈಗಲೂ ನಾನು ನನ್ನ ಮಾತನ್ನು ಕಾರಿನ ಚಕ್ರಕ್ಕೆ ಬಿಟ್ಟು ಕುಳಿತವಳು. ಅವತ್ತು ಬೇಕು ಎನ್ನಲಿಲ್ಲ. ಇವತ್ತು ಬೇಡ ಎನ್ನಲಿಲ್ಲ.

“ದೊಡ್ಡಪ್ಪ, ಕೂಳೂರಿನಿಂದ ಹಿಂದೆ ಹೋದವರಿಗೆ ನೀವು ನೀರು ಹಾಕಲಿಲ್ಲ.”

ಅವರ ಕೈ ಚಕ್ರದ ಮೇಲೆ ನಿಂತಿತು.

“ನನಗೆ ಅವರು ಬೇಕಿತ್ತು. ಇವರು ಬೇಡ. ದೋಷ ಇದ್ದರೂ ಬೇಡ, ಇಲ್ಲದಿದ್ದರೂ ಬೇಡ. ನಾನು ಮೇಲೆ ಬರುವುದಿಲ್ಲ.”

ಹನ್ನೊಂದು ವರ್ಷ ಮಾತಾಡಿ ಮಾತಾಡಿ ಎಂದವಳ ಬಾಯಿಯಿಂದ ಬಂದದ್ದು ಅಷ್ಟೇ. ದನಿ ಟ್ರಂಕ್ ಬೋರ್ಡಿನದೇ ಇತ್ತು, ಸಮನಾಗಿ, ಸ್ಪಷ್ಟವಾಗಿ. ದೊಡ್ಡಮ್ಮ ಹರಿವಾಣವನ್ನು ಎದೆಗೆ ಒತ್ತಿಕೊಂಡು ಅಳಲು ಶುರು ಮಾಡಿದರು. ವಿಠಲ ಮಾವ ಕೂಗಾಡಿದರು. ಲಿಗೋರಿಯೇ ಓಡಿಸಲಿ ಎಂದರು. ಲಿಗೋರಿ ಬಂಡೆಯ ಮೇಲೆ ಕುಳಿತು, ನೀರಿನಲ್ಲಿ ಇಳಿಬಿಟ್ಟಿದ್ದ ಕಾಲನ್ನು ಎತ್ತಿ ತೋರಿಸಿ ಮತ್ತೆ ನೀರಿಗೆ ಬಿಟ್ಟರು. ಉಳಿದ ಮೂವರಲ್ಲಿ ಯಾರಿಗೂ ಕಾರು ಬರುತ್ತಿರಲಿಲ್ಲ. ನಾನು ಓಡಿಸಿದ ಕಡೆಗೇ ಎಲ್ಲರೂ ಬರಬೇಕಿತ್ತು. ಅವರ ಪಾಡು ನೋಡಿ ಪಾಪ ಎನಿಸಿತು. ಆದರೂ ಕಾರು ಹತ್ತಿ, ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ, ಅದರ ಮೂತಿಯನ್ನು ಇಳಿಜಾರಿಗೆ ತಿರುಗಿಸಿದೆ.

ಕಾರ್ಕಳದ ತನಕ ಲಿಗೋರಿ ನನ್ನ ಪಕ್ಕದಲ್ಲಿ ಕುಳಿತು ಅಲ್ಲಲ್ಲಿ ಬ್ರೇಕ್, ಬ್ರೇಕ್ ಎನ್ನುತ್ತಿದ್ದರು. ಸುರತ್ಕಲ್ಲಿನಲ್ಲಿ ವಿಠಲ ಮಾವ ಬಾಗಿಲನ್ನು ಬಡಿದು ಇಳಿದುಹೋದರು. ಕೂಳೂರು ಸೇತುವೆಯ ಮೇಲೆ ಎದುರಿನಿಂದ ಬಸ್ಸು ಬಂತೆಂದು ನಾನು ನಿಧಾನ ಮಾಡಿದಾಗ ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿತು. ಬಹಳ ದಣಿದ ದನಿ.

“ಕನ್ನಡಕ ಮರೆತು ತಿರುಗಿದೆವು, ಪ್ರಯಾಣ ಹಿಂದೆ ಬಿತ್ತು ಅಂತ ಹೇಳುವ. ಅವರಿಗೂ ಬೇಸರ ಇಲ್ಲ, ನಿನಗೂ ಕೆಟ್ಟ ಹೆಸರು ಬರುವುದಿಲ್ಲ.”

ನನ್ನ ಒಳ್ಳೆಯದಕ್ಕೇ ಹೇಳಿದರು. ಯಾವಾಗಲೂ ನನ್ನ ಒಳ್ಳೆಯದಕ್ಕೇ. ಕನ್ನಡಿಯಲ್ಲಿ ಅವರ ಬರಿಗಣ್ಣು ಕಂಡಿತು, ಅದು ನನ್ನನ್ನು ಹುಡುಕುತ್ತಿತ್ತು. ನಾನು ಹೇಳಿದ್ದು ಸುಳ್ಳಾಗಿ ಬಿಡುತ್ತದಲ್ಲ ದೊಡ್ಡಪ್ಪ ಎಂದೆ. ಮನೆ ಮುಟ್ಟಿದ ಮೇಲೆ ಅವರು ಕನ್ನಡಕ ಹಾಕಿಕೊಂಡು, ಪಂಚಾಂಗ ತೆರೆಯದೆ, ಜಗಲಿಯಲ್ಲಿ ಕತ್ತಲಾಗುವ ತನಕ ಕುಳಿತರು.

ಸೋಮವಾರ ಹತ್ತಕ್ಕೆ ನನ್ನ ಡ್ಯೂಟಿ. ಹತ್ತೂಕಾಲಿಗೆ ಬುಕ್ಕಿಂಗಿನಿಂದ ಒಂದು ಚೀಟಿ ನನ್ನ ಬೋರ್ಡಿಗೆ ಬಂತು. ಘಟ್ಟದ ಮೇಲಿನ ಆ ಪೋಸ್ಟಾಫೀಸಿಗೆ ಪಿ.ಪಿ. ಕಾಲ್, ತೋಟದವರನ್ನು ಕರೆಸಿಡಬೇಕು. ಬುಕ್ ಮಾಡಿದವರು ವಿಷ್ಣುಮೂರ್ತಿ ಭಟ್, ದೇವಸ್ಥಾನದ ಫೋನು. ಹೆಲನ್ ಬಗ್ಗಿ ಓದಿ, ಕೊಡು, ನಾನು ಮಾಡುತ್ತೇನೆ ಎಂದಳು. ಬೇಡ ಎಂದೆ. ಆ ಶಬ್ದ ಈಗ ಸಲೀಸಾಗಿ ಬರುತ್ತಿತ್ತು.

ಲೈನು ಸಿಗಲು ಒಂದೂವರೆ ಗಂಟೆ ಹಿಡಿಯಿತು. ಆ ತುದಿಯಲ್ಲಿ ತೋಟದವರು ಬಂದು ನಿಂತಿದ್ದರು. ಅವರ ತಗ್ಗಿದ ದನಿ ಹಲೋ ಎಂದಿತು. ಈ ತುದಿಯಲ್ಲಿ ದೊಡ್ಡಪ್ಪ ಕೆಮ್ಮಿದರು. ನನ್ನ ಪಾಳಿ ಅವರಿಗೆ ಬಾಯಿಪಾಠ. ಸಂಜೆ ಮಾಡಬಹುದಿತ್ತು, ಮಾರನೆಯ ದಿನ ಕಾಗದ ಹಾಕಬಹುದಿತ್ತು. ಎರಡೂ ಕಡೆ ಕೇಳಿಸುತ್ತದೆಯೇ ಎಂದು ತಿಳಿಯುವ ತನಕ ನಾವು ಲೈನಿನಲ್ಲಿ ಇರಬೇಕು, ಆಮೇಲೆ ಬಿಡಬೇಕು. ನನ್ನ ಕೈ ಲೈನು ಬಿಡುವ ಕೀಲಿಯ ಮೇಲಿತ್ತು.

“ಮಾತಾಡಿ,” ಎಂದೆ.

ಆ ದನಿಯನ್ನು ದೊಡ್ಡಪ್ಪ ಗುರುತಿಸಿದರು, ನನಗೆ ಗೊತ್ತು.

“ಶನಿವಾರ ಅರ್ಧ ದಾರಿಗೆ ಬಂದು ತಿರುಗಿದೆವು. ತಪ್ಪು ತಿಳೀಬೇಡಿ. ದೋಷ ಎಂತದೂ ಇಲ್ಲ, ಜಾತಕ ಎಲ್ಲ ಸರಿ ಉಂಟು,” ಎಂದರು. ಮತ್ತೆ ಕೆಮ್ಮಿದರು. “ಹುಡುಗಿಗೆ ಮನಸ್ಸಿಲ್ಲ. ಅವಳೇ ಹೇಳಿದ್ದು. ನಾನು ಮೊದಲೇ ಕೇ‍ಳ್ಬೇಕಿತ್ತು.”

ನಾನು ಕೀಲಿಯನ್ನು ಮೇಲೆತ್ತಿ ಲೈನಿನಿಂದ ಹೊರಗೆ ಬಂದೆ. ಚೀಟಿಯ ಮೇಲೆ ಹೊತ್ತು ಬರೆಯಬೇಕಿತ್ತು. ನನಗೆ ಅಕ್ಷರ ಕಾಣಲಿಲ್ಲ, ಹೆಲನ್ ಬರೆದಳು.